ಡಾಕ್ಟರ್ ಆಗ ಎಲ್ಲಿದ್ದರು? ಮೆಡಿಕೇರ್‌ನ ‘ಇನ್ಸಿಡೆಂಟ್ ಟು’ ಬಿಲ್ಲಿಂಗ್

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ಅಮೆರಿಕದ ಚಾರ್ಟ್‌ಗಳನ್ನು (ರೋಗಿಗಳ ದಾಖಲೆಗಳನ್ನು) ಬಿಲ್‌ಗಾಗಿ ಕೋಡ್ ಮಾಡುವವರಿಗೆ, ಪರೀಕ್ಷೆಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ಕೋಡ್ ಬಾಯಿಪಾಠ ಮಾಡಿದರೆ ಈ ಅಧ್ಯಾಯ ಅರ್ಥವಾಗಲ್ಲ. ಇಲ್ಲಿ ಕೇಳುವುದು ಕೋಡ್ ಯಾವುದು ಅಂತಲ್ಲ, ಬಿಲ್ ಯಾರ ಹೆಸರಿನಲ್ಲಿ ಅಂತ.

ರೋಗಿಯನ್ನು ನರ್ಸ್ ಪ್ರಾಕ್ಟಿಷನರ್ (ಡಾಕ್ಟರ್ ಅಲ್ಲದಿದ್ದರೂ ರೋಗಿಯನ್ನು ನೋಡಿ ಔಷಧಿ ಬರೆಯಬಲ್ಲ, ಹೆಚ್ಚಿನ ತರಬೇತಿಯ ನರ್ಸ್) ನೋಡಿದರು ಅನ್ನೋಣ. ಬಿಲ್‌ನಲ್ಲಿ ಅವರದೇ ಎನ್‌ಪಿಐ (ಗುರುತಿನ ಸಂಖ್ಯೆ) ಹಾಕಿದರೆ ಮೆಡಿಕೇರ್, ಅಂದರೆ ಅಮೆರಿಕ ಸರ್ಕಾರದ ಆರೋಗ್ಯ ವಿಮೆ, ಡಾಕ್ಟರ ದರದ 85% ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಡಾಕ್ಟರ ಎನ್‌ಪಿಐ ಹಾಕಿದರೆ 100%. ಆ 15%ರ ಆಸೆಯೇ ಎಲ್ಲ ತಕರಾರಿನ ಮೂಲ.

ಬೇರೆಯವರು ಕೊಟ್ಟ ಸೇವೆಗೆ ಹೀಗೆ ಡಾಕ್ಟರ ಹೆಸರಿನಲ್ಲಿ ಬಿಲ್ ಮಾಡುವುದೇ ‘ಇನ್ಸಿಡೆಂಟ್ ಟು’. ಅದಕ್ಕೆ ಮುಖ್ಯ ಷರತ್ತುಗಳು ಇವು. ಮೊದಲು ಡಾಕ್ಟರೇ ರೋಗಿಯನ್ನು ನೋಡಿ, ಚಿಕಿತ್ಸೆಯ ಯೋಜನೆ ಬರೆದಿರಬೇಕು. ಆಮೇಲೂ ಆಗಾಗ ನೋಡುತ್ತಿರಬೇಕು. ಜಾಗ ಕ್ಲಿನಿಕ್ ಆಗಿರಬೇಕು. ಆಸ್ಪತ್ರೆಯಲ್ಲಿ ಹೀಗೆ ಬಿಲ್ ಮಾಡುವಂತಿಲ್ಲ. ಜೊತೆಗೆ ‘ಡೈರೆಕ್ಟ್ ಸೂಪರ್ವಿಷನ್’ ಇರಬೇಕು. ಅಂದರೆ ಅದೇ ರೂಮಿನಲ್ಲಿ ಡಾಕ್ಟರ್ ನಿಂತಿರಬೇಕಿಲ್ಲ, ಆದರೆ ಅದೇ ಕ್ಲಿನಿಕ್‌ನಲ್ಲಿದ್ದು ಕರೆದರೆ ತಕ್ಷಣ ಸಿಗಬೇಕು ಎಂಬುದು ಮೂಲ ನಿಯಮ. 2020ರಲ್ಲಿ ಕೋವಿಡ್ ಬಂದಾಗ ನೇರ ವಿಡಿಯೋದಲ್ಲಿ ಸಿಕ್ಕರೂ ಆಗುತ್ತದೆ, ಬರೀ ಫೋನ್ ಸಾಲದು ಎಂದು ಮೆಡಿಕೇರ್ ಹೇಳಿತು. ಆಮೇಲೆ ಈ ಭಾಗ ಬದಲಾಗುತ್ತಾ ಬಂದಿದೆ. ಹಾಗಾಗಿ ಸೇವೆ ಕೊಟ್ಟ ದಿನಾಂಕ ನೋಡಿ, ಆ ವರ್ಷದ ನಿಯಮವನ್ನೇ ಹಚ್ಚಿ. ಖಾಸಗಿ ವಿಮೆಯವರ ನಿಯಮ ಬೇರೆ ಇರಬಹುದು.

ಯೋಜನೆ ಬರೆದ ಡಾಕ್ಟರ್ ಅವತ್ತು ರಜೆ, ಅದೇ ಗ್ರೂಪಿನ ಇನ್ನೊಬ್ಬ ಡಾಕ್ಟರ್ ಕ್ಲಿನಿಕ್‌ನಲ್ಲಿದ್ದಾರೆ. ಆಗ ಬಿಲ್ ಯಾರ ಹೆಸರಿಗೆ? ಅವತ್ತು ಮೇಲ್ವಿಚಾರಣೆ ಮಾಡಿದವರ ಹೆಸರಿಗೆ. 2016ರಿಂದ ಇದು ನಿಯಮದಲ್ಲೇ ಸ್ಪಷ್ಟವಾಗಿದೆ.

ಜಾಸ್ತಿ ಜನ ಎಡವುವುದು ಹೊಸ ಸಮಸ್ಯೆ ಬಂದಾಗ. ರೋಗಿ ಬಿಪಿ ತೋರಿಸಲು ಬಂದಿದ್ದಾರೆ, ಅದಕ್ಕೆ ಡಾಕ್ಟರ ಯೋಜನೆ ಇದೆ, ಡಾಕ್ಟರೂ ಪಕ್ಕದ ರೂಮಿನಲ್ಲೇ ಇದ್ದಾರೆ. ಹೊರಡುವ ಹೊತ್ತಿಗೆ ‘ಮೊನ್ನೆಯಿಂದ ಮಂಡಿ ನೋವು’ ಅಂದರು. ನರ್ಸ್ ಪ್ರಾಕ್ಟಿಷನರ್ ಅದನ್ನೂ ನೋಡಿ ಔಷಧಿ ಬರೆದರು. ಮಂಡಿ ನೋವಿಗೆ ಡಾಕ್ಟರ ಯೋಜನೆ ಇಲ್ಲ. ಭೇಟಿ ನರ್ಸ್ ಪ್ರಾಕ್ಟಿಷನರ್ ಹೆಸರಿಗೇ, 85%ಗೆ ಹೋಗಬೇಕು.

ಈಗ ದಾಖಲೆಯ ಮಾತು. ನೋಟ್ ಕೆಳಗೆ ಡಾಕ್ಟರ ಸಹಿ ಇದ್ದ ಮಾತ್ರಕ್ಕೆ ಅವರು ಅಲ್ಲಿದ್ದರು ಅಂತಾಗುವುದಿಲ್ಲ. ಎಲ್ಲ ಚಾರ್ಟ್‌ನಲ್ಲೂ ತಾನಾಗೇ ಬಂದು ಕೂರುವ ‘ಡಾಕ್ಟರ್ ಲಭ್ಯವಿದ್ದರು’ ಎಂಬ ರೆಡಿಮೇಡ್ ಸಾಲನ್ನು ನಾನಂತೂ ನಂಬುವುದಿಲ್ಲ. ಆಡಿಟರ್ ಡ್ಯೂಟಿ ಪಟ್ಟಿ ತರಿಸಿ ನೋಡಿದರೆ ಆ ಸಾಲೇ ತಿರುಗಿ ಹೊಡೆಯುತ್ತದೆ. ಬಿಟ್ಟುಹೋದದ್ದನ್ನು ಆಮೇಲೆ ಸೇರಿಸಬಹುದು. ಆದರೆ ಅದು ತಡವಾಗಿ ಸೇರಿಸಿದ್ದು ಎಂದು ಕಾಣಬೇಕು, ಬರೆದವರ ಹೆಸರು, ದಿನಾಂಕ ಇರಬೇಕು, ಹಳೆಯ ಬರಹ ಅಳಿಸಿರಬಾರದು.

ಸುಳ್ಳು ಕ್ಲೈಮ್ ತಡೆಯುವ ಅಮೆರಿಕದ ಕಾಯ್ದೆ 1863ರದು. ನಷ್ಟದ ಮೂರು ಪಟ್ಟು, ಮೇಲೆ ಪ್ರತಿ ಕ್ಲೈಮ್‌ಗೂ ದಂಡ. ಬೇಕಂತಲೇ ಕಣ್ಣು ಮುಚ್ಚಿಕೊಂಡಿದ್ದರೆ ಅದನ್ನೂ ಗೊತ್ತಿದ್ದೇ ಮಾಡಿದ್ದು ಅಂತಲೇ ಲೆಕ್ಕ.

ಚಾರ್ಟ್‌ನಲ್ಲಿ ಸ್ಪಷ್ಟವಿಲ್ಲದಿದ್ದರೆ ಡಾಕ್ಟರಿಗೆ ಕ್ವೆರಿ ಹಾಕಿ, ಅಂದರೆ ಬರೆದು ಕೇಳಿ. ‘ನೀವು ಅವತ್ತು ಕ್ಲಿನಿಕ್‌ನಲ್ಲೇ ಇದ್ದಿರಿ ಅಲ್ವಾ?’ ಅಂತ ಉತ್ತರ ಬಾಯಿಗಿಡಬೇಡಿ. ‘ಈ ಭೇಟಿಯ ಸಮಯದಲ್ಲಿ ಮೇಲ್ವಿಚಾರಣೆ ಯಾರದಿತ್ತು?’ ಅಂತ ಕೇಳಿ. ಉತ್ತರ ಬರದಿದ್ದರೆ ನರ್ಸ್ ಪ್ರಾಕ್ಟಿಷನರ್ ಎನ್‌ಪಿಐ ಹಾಕಿ ಕಳಿಸಿ.