ರಿವರ್‌ನಲ್ಲಿ 8 ಡಾಲರ್ ಉಳಿಸೋಕೆ ಹೋಗಬೇಡಿ

ಲಿಮಿಟ್ ಹೋಲ್ಡೆಮ್ (ಪ್ರತಿ ಬೆಟ್‌ನ ಮೊತ್ತ ಮೊದಲೇ ನಿಗದಿಯಾಗಿರುವ ಪೋಕರ್ ಆಟ) ಕಲಿಯೋಕೆ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರ ತೊಂದರೆ ಒಂದೇ. ಶುರುವಿನಲ್ಲಿ ರೈಸ್ ಮಾಡಬೇಕು (ಬೆಟ್ ಏರಿಸಬೇಕು), ಇಲ್ಲಾ ಎಲೆ ಬಿಸಾಡಬೇಕು. ಅಲ್ಲಿ ಸುಮ್ನೆ ಕಾಲ್ ಮಾಡುತ್ತಾರೆ, ಅಂದರೆ ಎದುರಿನವರ ಬೆಟ್‌ನಷ್ಟೇ ಹಾಕುತ್ತಾರೆ. ಕೊನೆಗೆ ಪಾಟ್ (ಮಧ್ಯೆ ಸೇರಿದ ದುಡ್ಡು) ಚೆನ್ನಾಗಿ ಬೆಳೆದು ಒಂದೇ ಬೆಟ್ ಬಾಕಿ ಇರುವಾಗ, ಕಾಲ್ ಮಾಡಬೇಕಾದ ಕಡೆ ಫೋಲ್ಡ್ ಮಾಡಿ (ಎಲೆ ಬಿಸಾಡಿ) ಕೂರುತ್ತಾರೆ.

ಕ್ಯಾಲಿಫೋರ್ನಿಯಾದ ಕಾರ್ಡ್‌ರೂಮ್‌ಗಳಲ್ಲಿ ಸಿಗುವ 4–8 ಡಾಲರ್ ಟೇಬಲ್ಲನ್ನೇ ತಗೊಳ್ಳಿ. ಕೈಗೆ ಎರಡು ಎಲೆ ಬಂದಾಗ (ಪ್ರೀಫ್ಲಾಪ್) ಮತ್ತು ಮೇಜಿನ ಮೇಲೆ ಎಲ್ಲರಿಗೂ ಸೇರಿದ ಮೂರು ಎಲೆ ತೆರೆದಾಗ (ಫ್ಲಾಪ್) ಬೆಟ್ 4 ಡಾಲರ್, ನಾಲ್ಕನೇ ಎಲೆ (ಟರ್ನ್) ಮತ್ತು ಐದನೇ, ಕೊನೆಯ ಎಲೆ (ರಿವರ್) ಬಂದಾಗ 8. ಬೆಟ್ ಆಗಲಿ, ಒಂದು ರೈಸ್ ಆಗಲಿ ಅದಕ್ಕಿಂತ ಜಾಸ್ತಿ ಹಾಕೋಕೆ ಆಗಲ್ಲ. ಅಂದಮೇಲೆ ದುಡ್ಡು ಸುರಿದು ಯಾರನ್ನೂ ಹೆದರಿಸಿ ಓಡಿಸೋಕೂ ಆಗಲ್ಲ, ಹಾಗಾಗಿ ಪ್ರತಿ ಸಲ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಪಾಟ್‌ನಲ್ಲಿ ಎಷ್ಟಿದೆ, ನಾನು ಎಷ್ಟು ಹಾಕಬೇಕು?

ಪ್ರೀಫ್ಲಾಪ್ ಬಗ್ಗೆ ಜಾಸ್ತಿ ಹೇಳಲ್ಲ. ನಿಮಗಿಂತ ಮೊದಲು ಎಲ್ಲರೂ ಫೋಲ್ಡ್ ಮಾಡಿದ್ದರೆ ನೀವು ರೈಸ್ ಮಾಡಿ, ಇಲ್ಲಾ ಫೋಲ್ಡ್ ಮಾಡಿ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಇಬ್ಬರ ಲಿಮಿಟ್ ಹೋಲ್ಡೆಮ್ ಆಟವನ್ನು ಹೆಚ್ಚುಕಮ್ಮಿ ಪೂರ್ತಿ ಬಿಡಿಸಿದರು, ಆ ಪ್ರೋಗ್ರಾಂ ಹೆಸರು ಸೀಫಿಯಸ್. ಡೀಲರ್ ಜಾಗದಿಂದ ಅದು ಆಟ ಶುರು ಮಾಡುವಾಗ ಬರೀ ಕಾಲ್ ಮಾಡುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ.

ಈಗ ಒಂದು ಕೈ ನೋಡೋಣ. ನೀವು ಬಟನ್‌ನಲ್ಲಿದ್ದೀರಿ (ಡೀಲರ್ ಜಾಗ, ಫ್ಲಾಪ್‌ನಿಂದ ಎಲ್ಲರಿಗಿಂತ ಕೊನೆಗೆ ಆಡುವುದು), ಕೈಯಲ್ಲಿ ಆಟಿನ್ ರಾಜ, ಆಟಿನ್ ರಾಣಿ. ಪ್ರೀಫ್ಲಾಪ್‌ನಲ್ಲಿ ಒಂದು ರೈಸ್ ಆಗಿ ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ 4 ಹಾಕಬೇಕಾದವನು; 2 ಹಾಕುವವನು ಸ್ಮಾಲ್ ಬ್ಲೈಂಡ್) ಸೇರಿ ನಾಲ್ಕು ಜನ ತಲಾ 8 ಹಾಕಿ ಉಳಿದಿದ್ದಾರೆ, ಫೋಲ್ಡ್ ಮಾಡಿದ ಸ್ಮಾಲ್ ಬ್ಲೈಂಡ್‌ನ 2 ಡಾಲರ್ ಸೇರಿ ಪಾಟ್ 34. ಫ್ಲಾಪ್‌ನಲ್ಲಿ ಆಟಿನ್ ಎಕ್ಕ, ಆಟಿನ್ ಏಳು, ಇನ್ನೊಂದು ಬೇರೆ ಬಣ್ಣದ ಎರಡು. ಬಿಗ್ ಬ್ಲೈಂಡ್ 4 ಹಾಕಿದ, ಇಬ್ಬರು ಕಾಲ್ ಮಾಡಿದರು, ಪಾಟ್ 46. ನೋಡದ 47 ಎಲೆಗಳಲ್ಲಿ ಆಟಿನ್ 9 ಇವೆ. ಅಂದರೆ ಮುಂದಿನ ಎಲೆಗೇ ಫ್ಲಶ್ (ಒಂದೇ ಜಾತಿಯ ಐದು ಎಲೆ) ಆಗದಿರುವ ಸಾಧ್ಯತೆ 4.2ಕ್ಕೆ 1. ಪಾಟ್ ಕೊಡುತ್ತಿರುವುದು 11.5ಕ್ಕೆ 1 (4 ಹಾಕಿದರೆ 46). ಫೋಲ್ಡ್ ಮಾತೇ ಇಲ್ಲ, ಎಲ್ಲರೂ ಕಾಲ್ ಮಾಡುತ್ತಾರೆ.

ನಾನು ಹೇಳುವುದು ರೈಸ್ ಮಾಡಿ ಅಂತ. ನೀವು ಜಾಸ್ತಿ ಹಾಕುವ 4 ಡಾಲರ್‌ಗೆ ಆ ಮೂವರೂ ನಾಲ್ಕು ನಾಲ್ಕು ಹಾಕುತ್ತಾರೆ. ಆ ದುಡ್ಡಿನಲ್ಲಿ ನೀವು ಹಾಕುವುದು ಕಾಲು ಭಾಗ, ರಿವರ್ ಒಳಗೆ ಫ್ಲಶ್ ಆಗುವ ಸಾಧ್ಯತೆ ಶೇ 35. ಇದು ಲಾಭದ ವ್ಯವಹಾರ ಅಲ್ವಾ? ಇನ್ನೊಂದು ಲಾಭವೂ ಇದೆ. ರೈಸ್ ಮಾಡಿದವರಿಗೆ ಟರ್ನ್‌ನಲ್ಲಿ ಎಲ್ಲರೂ ಚೆಕ್ ಮಾಡಿ (ಬೆಟ್ ಹಾಕದೆ) ಬಿಟ್ಟುಕೊಡುವುದು ಈ ಟೇಬಲ್‌ಗಳಲ್ಲಿ ಮಾಮೂಲಿ. ಆಟಿನ್ ಬರದಿದ್ದರೆ ನೀವೂ ಚೆಕ್ ಮಾಡಿ ರಿವರ್ ಎಲೆಯನ್ನು ಬಿಟ್ಟಿಯಾಗಿ ನೋಡಬಹುದು. ಫ್ಲಾಪ್‌ನಲ್ಲಿ 4 ಜಾಸ್ತಿ ಹಾಕಿ ಟರ್ನ್‌ನಲ್ಲಿ 8 ಉಳಿಸಿದಂತಾಯಿತು.

ಬೆಟ್ ದುಪ್ಪಟ್ಟಾಗುವ ಈ ಟರ್ನ್ ಇದೆಯಲ್ಲ, ಅದನ್ನೇ ಜನ ಮರೆಯುವುದು. ಸ್ಟ್ರೇಟ್ (ಸಾಲಾಗಿ ಐದು ಎಲೆ) ಆಗೋಕೆ ಮಧ್ಯದ ಒಂದೇ ಎಲೆ ಬೇಕಾದ ಡ್ರಾ ಅಂದುಕೊಳ್ಳಿ, ಬೇಕಾದ ಎಲೆ ನಾಲ್ಕೇ. ಫ್ಲಾಪ್‌ನಲ್ಲಿ 46 ಡಾಲರ್‌ಗೆ 4 ಹಾಕುವುದು ಸರಿಯೇ, ಯಾಕಂದರೆ ಅಲ್ಲಿ ಬೇಕಿರುವುದು ಸುಮಾರು 10.75ಕ್ಕೆ 1 (ನಿಮ್ಮ ಹಿಂದೆ ರೈಸ್ ಮಾಡುವವರು ಯಾರೂ ಇಲ್ಲದಿದ್ದರೆ). ಟರ್ನ್‌ನಲ್ಲಿ ಅದೇ ಡ್ರಾಗೆ 8 ಹಾಕಬೇಕು, ಪಾಟ್‌ನಲ್ಲಿ 84 ಇರಬೇಕು. ಇಲ್ಲದಿದ್ದರೆ ಫೋಲ್ಡ್. ಇಷ್ಟು ಹೊತ್ತು ಇದ್ದೆನಲ್ಲ ಅನ್ನೋದು ಕಾರಣ ಅಲ್ಲ.

ಟರ್ನ್‌ನಲ್ಲೇ ಇನ್ನೊಂದು ಫೋಲ್ಡ್ ಇದೆ. ಗಂಟೆಗಟ್ಟಲೆ ಬರೀ ಕಾಲ್ ಮಾಡುತ್ತಾ ಕೂತಿದ್ದವರು ಇದ್ದಕ್ಕಿದ್ದ ಹಾಗೆ ಟರ್ನ್‌ನಲ್ಲಿ ರೈಸ್ ಮಾಡಿದರೆ ನಂಬಿ. ನಿಮ್ಮ ಒಂದು ಜೋಡಿ ಸೋತಿದೆ. ಈ ಮಟ್ಟದಲ್ಲಿ ಅಂಥವರು ಬ್ಲಫ್ ಮಾಡುವುದನ್ನು ನಾನು ನೋಡಿರುವುದು ತೀರಾ ಅಪರೂಪ.

ರಿವರ್ ಕಥೆ ಬೇರೆ. ಪಾಟ್‌ನಲ್ಲಿ 64 ಇದೆ, ಒಬ್ಬನೇ ಎದುರಾಳಿ, 8 ಹಾಕಿದ. 72 ಗೆಲ್ಲೋಕೆ ನೀವು ಹಾಕಬೇಕಾದ್ದು 8. ಹತ್ತು ಸಲದಲ್ಲಿ ಒಂದು ಸಲ ಗೆದ್ದರೂ ಅಸಲು ಬಂತು. ‘ಸೋತಿರಬೇಕು’ ಅಂತ ಅನಿಸಿದ್ದಕ್ಕೆ ಫೋಲ್ಡ್ ಮಾಡುವುದಾದರೆ ಹತ್ತಕ್ಕೆ ಒಂಬತ್ತು ಸಲಕ್ಕಿಂತ ಜಾಸ್ತಿ ಆ ಅನಿಸಿಕೆ ನಿಜ ಆಗಬೇಕು, ಅಷ್ಟು ಖಚಿತವಾಗಿ ಓದುವವರು ಈ ಟೇಬಲ್‌ಗಳಲ್ಲಿ ಸಿಗುವುದಿಲ್ಲ. ಕಾಲ್ ಮಾಡಿ, ಎಲೆ ನೋಡಿ.

ಆದರೆ ಆ ಬೆಟ್‌ಗೂ ನಿಮಗೂ ಮಧ್ಯೆ ಇನ್ನೊಬ್ಬರು ಆಗಲೇ ಕಾಲ್ ಮಾಡಿದ್ದರೆ ಲೆಕ್ಕ ಬದಲಾಗುತ್ತದೆ. ಬೆಟ್ ಮಾಡಿದವನು ಬ್ಲಫ್ ಮಾಡಿದ್ದರೂ ಕಾಲ್ ಮಾಡಿದವರ ಕೈಯಲ್ಲಿ ಏನೋ ಇದೆ. ನಿಮ್ಮ ಜೋಡಿ ಈಗ ಇಬ್ಬರನ್ನೂ ಸೋಲಿಸಬೇಕು. ಅಲ್ಲಿ ಚಿಕ್ಕ ಜೋಡಿಯನ್ನು ಫೋಲ್ಡ್ ಮಾಡಿ.