ಬೆಳಗಾದ ಮೇಲೂ ಪ್ರೀತಿ ಇರುತ್ತಾ?

ಓದುಗರ ಪ್ರಶ್ನೆ: ಅಮೆರಿಕದ ಶಿರೆಲ್ಸ್ ಗಾಯಕಿಯರ ತಂಡದ ‘ವಿಲ್ ಯೂ ಲವ್ ಮಿ ಟುಮಾರೊ’ ಹಾಡಿನ ತಾಳ ಚುರುಕಾಗಿದೆ, ಕಾಲು ತಾನಾಗೇ ಕುಣಿಯುತ್ತೆ. ಆದರೂ ಕೇಳಿದಾಗಲೆಲ್ಲ ಮನಸ್ಸು ಭಾರ ಆಗುತ್ತೆ. ಯಾಕೆ?

ಆ ಹಾಡಿನ ಹುಡುಗಿಗೆ ಉತ್ತರ ಸಿಗುವುದೇ ಇಲ್ಲ, ಅದಕ್ಕೆ. ಈ ರಾತ್ರಿ ನೀನು ನನ್ನವನು, ಸರಿ. ನಾಳೆ? ಹುಡುಗ ಬಾಯಿ ಬಿಡುವುದಿಲ್ಲ. ಹಾಡು ಅದೇ ಪ್ರಶ್ನೆಯ ಮೇಲೆ ಮುಗಿಯುತ್ತದೆ.

1960ರಲ್ಲಿ ಒಬ್ಬ ಹುಡುಗಿ ರೇಡಿಯೊದಲ್ಲಿ ಹೀಗೆ ಕೇಳುವುದು ಸಣ್ಣ ಮಾತಲ್ಲ. ಅಮೆರಿಕದಲ್ಲಿ ಗರ್ಭನಿರೋಧಕ ಮಾತ್ರೆಗೆ ಸರ್ಕಾರ ಒಪ್ಪಿಗೆ ಕೊಟ್ಟಿದ್ದೇ ಆ ವರ್ಷ. ಹೆಚ್ಚುಕಮ್ಮಿ ಆದರೆ ಊರಿನ ಮಾತು ಕೇಳಬೇಕಾದವಳು ಅವಳೇ ಅಲ್ವಾ? ಆ ಭಯವೆಲ್ಲ ಒಂದೇ ಪ್ರಶ್ನೆಯಲ್ಲಿದೆ. ರಾಗ ಹಾಕಿದ ಕ್ಯಾರೋಲ್ ಕಿಂಗ್‌ಗೆ ಆಗ 18 ವರ್ಷ, ಮನೆಯಲ್ಲಿ ಪುಟ್ಟ ಕೂಸು. ಮಾತು ಬರೆದವರು ಅವರ ಗಂಡ ಜೆರ್ರಿ ಗಾಫಿನ್. ಹುಡುಗಿಯ ಮನಸ್ಸು 21ರ ಹುಡುಗನಿಗೆ ಇಷ್ಟು ಚೆನ್ನಾಗಿ ಗೊತ್ತಾಗಿದ್ದು ನನಗೆ ಇವತ್ತಿಗೂ ಬೆರಗು.

ಹಾಡಿದವರು ನ್ಯೂಜೆರ್ಸಿಯ ಪಸೇಯಿಕ್ ಊರಿನ ನಾಲ್ವರು ಹೈಸ್ಕೂಲ್ ಗೆಳತಿಯರು. ಮುಖ್ಯ ಗಾಯಕಿ ಶರ್ಲಿ ಓವೆನ್ಸ್‌ಗೆ ಮೊದಲು ಇದು ಹಿಡಿಸಲೇ ಇಲ್ಲ. ಕಂಟ್ರಿ ಸಂಗೀತದ (ಅಮೆರಿಕದ ಹಳ್ಳಿಗಾಡಿನ ಹಾಡುಗಳ) ಥರ ಇದೆ ಅಂದುಕೊಂಡರು. ಪಿಟೀಲುಗಳು ಸೇರಿದ ಮೇಲೆ ಮನಸ್ಸು ಬದಲಾಯಿತು. 1961ರ ಜನವರಿ ಕೊನೆಗೆ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರ ತುದಿಗೇರಿತು. ಕಪ್ಪು ಜನಾಂಗದ ಹುಡುಗಿಯರ ತಂಡವೊಂದು ಆ ಜಾಗ ಮುಟ್ಟಿದ್ದು ಅದೇ ಮೊದಲು.

ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಡ್ರಮ್ ಗಡಿಯಾರದ ಹಾಗೆ ನಡೆಯುತ್ತಲೇ ಇರುತ್ತದೆ, ರಾತ್ರಿ ಕರಗುತ್ತಿದೆ ಅಂತ. ಹಿಂದೆ ಗೆಳತಿಯರು ಅರ್ಥವಿಲ್ಲದ ಅಕ್ಷರಗಳಲ್ಲಿ ದನಿ ಕೊಡುತ್ತಾರೆ, ಪಕ್ಕದಲ್ಲಿ ಸುಮ್ನೆ ನಿಂತ ಸ್ನೇಹಿತೆಯರ ಥರ. ಓವೆನ್ಸ್ ಅಳುವುದಿಲ್ಲ, ಗೋಗರೆಯುವುದಿಲ್ಲ. ನೇರವಾಗಿ ಕೇಳುತ್ತಾರೆ. ಮಧ್ಯೆ ಅವರ ದನಿ ನಿಂತು ಪಿಟೀಲುಗಳು ಮುಂದೆ ಬರುವ ಜಾಗ ಇದೆಯಲ್ಲ, ಅಲ್ಲಿ ಗಂಟಲು ಕಟ್ಟುತ್ತದೆ. ಅವಳು ನುಂಗಿಕೊಂಡ ಮಾತನ್ನೆಲ್ಲ ಅವು ನುಡಿದಂತೆ ಕೇಳಿಸುತ್ತದೆ. ಆ ಪಿಟೀಲುಗಳ ಭಾಗ ಬರೆದವರೂ ಕಿಂಗ್ ಅವರೇ.

1971ರಲ್ಲಿ ‘ಟ್ಯಾಪೆಸ್ಟ್ರಿ’ ಆಲ್ಬಮ್ಮಿನಲ್ಲಿ ಕಿಂಗ್ ಪಿಯಾನೊ ನುಡಿಸುತ್ತಾ ಇದೇ ಹಾಡನ್ನು ನಿಧಾನವಾಗಿ ಹಾಡಿದರು. ಗಾಯಕರಾದ ಜೋನಿ ಮಿಚೆಲ್, ಜೇಮ್ಸ್ ಟೇಲರ್ ದನಿಗೂಡಿಸಿದರು. ಅಷ್ಟರಲ್ಲಿ ಗಾಫಿನ್ ಜೊತೆಗಿನ ಮದುವೆ ಮುರಿದಿತ್ತು. ಆ ದನಿಯಲ್ಲಿ ಉತ್ತರ ಗೊತ್ತಿರುವ ಹೆಂಗಸು ಕೇಳಿಸುತ್ತಾಳೆ. ಶಿರೆಲ್ಸ್ ಹಾಡಿದ ಹುಡುಗಿಗೆ ಇನ್ನೂ ಆಸೆ ಇದೆ. ನನ್ನನ್ನು ಜಾಸ್ತಿ ಕಾಡುವುದು ಆ ಆಸೆಯೇ. ಮೊದಲು 1971ರದ್ದು ಕೇಳಿ, ಆಮೇಲೆ 1960ರದ್ದಕ್ಕೆ ಬನ್ನಿ.