ಹಳೆಯ ಕಾದಂಬರಿಯ ನಾಯಕಿ ದಾವೆ ಹೂಡಬಹುದಿತ್ತೇ?

ಪ್ರಶ್ನೆ: ಹಳೆಯ ಕಾದಂಬರಿಗಳಲ್ಲಿ ಗಂಡನಿಂದಲೋ ಅತ್ತೆಮನೆಯಿಂದಲೋ ಎಷ್ಟೇ ಅನ್ಯಾಯವಾದರೂ ನಾಯಕಿ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ. ಅವಳಿಗೆ ದಾವೆ ಹೂಡುವ ಹಕ್ಕೇ ಇರಲಿಲ್ಲವೇ, ಅಥವಾ ಬರೆದವರಿಗೆ ಅದು ಹೊಳೆಯಲಿಲ್ಲವೇ? (ಗದಗಿನ ಓದುಗರೊಬ್ಬರು)

ಉತ್ತರ: ಈ ಪ್ರಶ್ನೆಯನ್ನು ಹುಬ್ಬಳ್ಳಿ-ಧಾರವಾಡದ ಓದುಗರ ಬಾಯಲ್ಲಿ, ಅದರಲ್ಲೂ ಕಾಲೇಜು ಹುಡುಗಿಯರ ಬಾಯಲ್ಲಿ, ನಾನು ಅನೇಕ ಸಲ ಕೇಳಿದ್ದೇನೆ. ಉತ್ತರವು ಕಾದಂಬರಿ ಯಾವ ನೆಲದ್ದು ಎಂಬುದನ್ನು ಅವಲಂಬಿಸಿದೆ. ಇಂಗ್ಲೆಂಡಿನ ನಾಯಕಿಗೆ ಮದುವೆಯಾದ ಮೇಲೆ ಆ ಹಕ್ಕು ಬಹುಮಟ್ಟಿಗೆ ಇರಲೇ ಇಲ್ಲ. ನಮ್ಮ ನಾಯಕಿಗೆ ಹಕ್ಕಿತ್ತು, ಆದರೆ ದಾವೆ ಹೂಡಿ ಕೇಳಬಹುದಾದದ್ದು ಬಹಳ ಕಡಿಮೆಯಿತ್ತು.

ಮೊದಲು ಇಂಗ್ಲೆಂಡಿನ ಮಾತು. ಅಲ್ಲಿನ ಸಾಮಾನ್ಯ ಕಾನೂನಿನ (ಕಾಮನ್ ಲಾ) ಪ್ರಕಾರ ಮದುವೆಯಾದೊಡನೆ ಹೆಂಡತಿಯ ಕಾನೂನು ಅಸ್ತಿತ್ವವು ಗಂಡನ ಅಸ್ತಿತ್ವದಲ್ಲಿ ಕರಗಿಹೋಗುತ್ತಿತ್ತು. ಅವಳ ಚರಾಸ್ತಿ, ಅವಳು ದುಡಿದ ಹಣ ಎಲ್ಲವೂ ಗಂಡನದಾಗುತ್ತಿತ್ತು. ಗಂಡನನ್ನು ಜೊತೆಗೆ ವಾದಿಯಾಗಿ ಸೇರಿಸಿಕೊಳ್ಳದೆ ಅವಳು ಯಾರ ಮೇಲೂ ದಾವೆ ಹೂಡುವಂತಿರಲಿಲ್ಲ. ಹೀಗಿರುವಾಗ ಗಂಡನ ಮೇಲೆಯೇ ದಾವೆ ಹೂಡುವ ಮಾತು ಎಲ್ಲಿಂದ ಬಂತು? ತವರಿನವರು ಅವಳ ಹೆಸರಿಗೆಂದೇ ಪ್ರತ್ಯೇಕವಾಗಿ ಕಟ್ಟಿಟ್ಟ ಆಸ್ತಿಯಿದ್ದರೆ ಚಾನ್ಸರಿ ನ್ಯಾಯಾಲಯಕ್ಕೆ ಹೋಗುವ ದಾರಿಯೊಂದಿತ್ತು, ಆದರೆ ಅಲ್ಲಿಯೂ ಅಪ್ರಾಪ್ತ ಮಗುವಿನ ಪರವಾಗಿ ಹಿರಿಯರು ನಿಲ್ಲುವಂತೆ ಬೇರೊಬ್ಬರು ಅವಳ ಪರವಾಗಿ ನಿಲ್ಲಬೇಕಿತ್ತು.

ಇದು ಬದುಕಿನಲ್ಲಿ ಹೇಗಿರುತ್ತಿತ್ತು ಎಂಬುದನ್ನು ಆನ್ ಬ್ರಾಂಟೆ 1848ರಲ್ಲಿ ಪ್ರಕಟಿಸಿದ ‘ದಿ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್’ ಕಾದಂಬರಿಯಷ್ಟು ನೇರವಾಗಿ ತೋರಿಸಿದ ಕೃತಿ ಆ ಕಾಲದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಅದರ ನಾಯಕಿ ಹೆಲೆನ್ ಕುಡುಕ ಗಂಡನ ಮನೆಯಿಂದ ಪುಟ್ಟ ಮಗನನ್ನು ಕರೆದುಕೊಂಡು ಹೊರಬೀಳಲು ಸಂಚು ಮಾಡುತ್ತಾಳೆ, ಚಿತ್ರ ಬರೆದು ಮಾರಿ ಹೊಟ್ಟೆ ಹೊರೆಯುವುದು ಅವಳ ಯೋಚನೆ. ಗಂಡನಿಗೆ ಸುಳಿವು ಸಿಗುತ್ತದೆ. ಅವನು ಅವಳ ಕುಂಚ, ಬಣ್ಣಗಳನ್ನು ಉರಿಯುವ ಬೆಂಕಿಗೆ ಹಾಕುತ್ತಾನೆ. ಓದುವವರಿಗೆ ಇದು ಗಂಡನ ಕ್ರೌರ್ಯವಾಗಿ ಮಾತ್ರ ಕಾಣುತ್ತದೆ, ಆದರೆ ಕಾನೂನಿನ ಕಣ್ಣಿನಲ್ಲಿ ಅವನು ಸುಟ್ಟದ್ದು ತನ್ನದೇ ಸಾಮಾನನ್ನು. ಮುಂದೆ ಅವಳು ಬೇರೆ ಹೆಸರಿಟ್ಟುಕೊಂಡು ದೂರದ ಪಾಳು ಮನೆಯಲ್ಲಿ ಅಡಗಿ ಬರೆದು ಮಾರಿದ ಚಿತ್ರಗಳ ಹಣವೂ ಕಾನೂನಿನಂತೆ ಅವನಿಗೇ ಸೇರಬೇಕಾದದ್ದು, ಮಗನೂ ಅವನ ವಶಕ್ಕೇ ಸೇರಬೇಕಾದವನು. ಕಥೆ ನಡೆಯುವುದು 1820ರ ದಶಕದಲ್ಲಿ. ಏಳು ವರ್ಷದೊಳಗಿನ ಮಕ್ಕಳನ್ನು ತಮ್ಮ ಬಳಿ ಇರಿಸಿಕೊಳ್ಳಲು ತಾಯಂದಿರು ಅರ್ಜಿ ಹಾಕಬಹುದೆಂದು ಕಾಯ್ದೆ ಬಂದದ್ದು 1839ರಲ್ಲಿ. ಚರ್ಚಿನ ನ್ಯಾಯಾಲಯದಲ್ಲಿ ಬೇರೆ ವಾಸಿಸಲು ಅಪ್ಪಣೆ ಕೇಳಬಹುದಿತ್ತು ನಿಜ, ಆದರೆ ಅದು ಸಿಕ್ಕರೂ ಅವಳ ದುಡಿಮೆ ಅವಳದಾಗುತ್ತಿರಲಿಲ್ಲ. ಹೆಲೆನ್ ಕೋರ್ಟಿಗೆ ಹೋಗದೆ ಅಡಗಿ ಕುಳಿತದ್ದಕ್ಕೆ ಕಾರಣ ಇದು. ಬರೆದವರಿಗೆ ಕಾನೂನು ಚೆನ್ನಾಗಿ ಗೊತ್ತಿತ್ತು.

ಮದುವೆಯಾಗದವಳಿಗೂ ವಿಧವೆಗೂ ಈ ಅಡ್ಡಿ ಇರಲಿಲ್ಲ. ಡಿಕನ್ಸ್ ಬರೆದ ‘ಪಿಕ್‌ವಿಕ್ ಪೇಪರ್ಸ್’ನ ಬಾರ್ಡೆಲ್ ವಿಧವೆಯಾದ್ದರಿಂದಲೇ, ಮದುವೆಯ ಮಾತು ಕೊಟ್ಟು ತಪ್ಪಿದನೆಂದು ಪಿಕ್‌ವಿಕ್‌ನ ಮೇಲೆ ತನ್ನ ಹೆಸರಿನಲ್ಲೇ ದಾವೆ ಹೂಡಿ 750 ಪೌಂಡ್ ಪರಿಹಾರದ ತೀರ್ಪು ಪಡೆಯುತ್ತಾಳೆ. ಅವನು ಹಣ ಕೊಡಲು ಒಪ್ಪದೆ ಸೆರೆಮನೆಗೆ ಹೋಗುತ್ತಾನೆ, ವಕೀಲರ ಖರ್ಚು ತೀರಿಸಲಾಗದೆ ಕೊನೆಗೆ ಅವಳೂ ಅಲ್ಲಿಗೇ ಬರುತ್ತಾಳೆ. ಮದುವೆಯಾದ ಹೆಂಗಸರು ತಮ್ಮ ದುಡಿಮೆಯ ಹಣಕ್ಕಾಗಿ ಸ್ವಂತ ಹೆಸರಿನಲ್ಲಿ ದಾವೆ ಹೂಡುವ ಹಕ್ಕು 1870ರ ಕಾಯ್ದೆಯಿಂದಲೂ, ಒಟ್ಟಾರೆ ಒಬ್ಬಂಟಿ ಹೆಂಗಸಿನಂತೆ ದಾವೆ ಹೂಡುವ ಹಕ್ಕು 1882ರ ಕಾಯ್ದೆಯಿಂದಲೂ ಬಂತು.

ಇನ್ನು ನಮ್ಮ ಕಡೆಗೆ ಬರೋಣ. ಭಾರತದಲ್ಲಿ 1874ರಲ್ಲಿ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆ ಬಂದಾಗ ಅದರಿಂದ ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನ ಸ್ತ್ರೀಯರನ್ನು ಹೊರಗಿಡಲಾಯಿತು. ಇದನ್ನು ಓದಿದ ಕೆಲವರು ನಮ್ಮ ಹೆಂಗಸರಿಗೆ ಆ ಹಕ್ಕನ್ನೂ ಕೊಡಲಿಲ್ಲವಲ್ಲ ಎಂದು ನೊಂದುಕೊಳ್ಳುತ್ತಾರೆ. ವಾಸ್ತವ ಬೇರೆ: ಹೆಂಡತಿಯ ಸ್ವತ್ತು ಮದುವೆಯೊಡನೆ ಗಂಡನದಾಗುತ್ತದೆಂಬ ನಿಯಮವೇ ನಮ್ಮಲ್ಲಿ ಇರಲಿಲ್ಲ. ಸ್ತ್ರೀಧನ, ಅಂದರೆ ಹೆಂಗಸಿನ ಸ್ವಂತ ಸ್ವತ್ತು, ಅವಳದಾಗಿಯೇ ಉಳಿಯುತ್ತಿತ್ತು, ಅದಕ್ಕಾಗಿ ಅವಳು ತನ್ನ ಹೆಸರಿನಲ್ಲೇ ಕೋರ್ಟಿಗೆ ಹೋಗಬಹುದಿತ್ತು.

ವಕೀಲಿ ಕಲಿಯುತ್ತಿದ್ದ ದಿನಗಳಲ್ಲಿ ಧಾರವಾಡದ ಒಂದು ಹಳೆಯ ಕಚೇರಿಯಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ್ದ ಕಾಗದಗಳ ಗಂಟೊಂದನ್ನು ಬಿಚ್ಚಿ ನೋಡಿದ್ದು ನನಗೆ ಇಂದಿಗೂ ನೆನಪಿದೆ. ಅದರಲ್ಲೊಂದು ಪೋಟಗಿ ದಾವೆ, ಅಂದರೆ ಜೀವನಾಂಶದ ದಾವೆ. ಗಂಡ ತೀರಿದ ಹೆಂಗಸೊಬ್ಬಳು ಮೈದುನನ ಮೇಲೆ ಹೂಡಿದ್ದು. ವರ್ಷಕ್ಕೆ ಇಷ್ಟು ಚೀಲ ಜೋಳ, ಎರಡು ಸೀರೆ, ಇರಲಿಕ್ಕೆ ಮನೆಯಲ್ಲಿ ಒಂದು ಅಂಕಣ (ಕಂಬಗಳ ನಡುವಿನ ಜಾಗ) ಎಂದು ಅವಳು ಕೇಳಿದ್ದಳು. ಕೊನೆಯಲ್ಲಿ ನೀಲಿ ಮಸಿಯ ಹೆಬ್ಬೆಟ್ಟು. ವಾದಿಯ ಹೆಸರಿನ ಮುಂದೆ ‘ಕೋಂ’ (ಇಂಥವನ ಹೆಂಡತಿ) ಎಂದು ಬರೆದು ಗಂಡನ ಹೆಸರನ್ನು ಸೇರಿಸಿದ್ದರು. ಇಂಗ್ಲೆಂಡಿನ ದಾವೆಯಲ್ಲಿ ಗಂಡನ ಹೆಸರು ಬರುತ್ತಿದ್ದದ್ದು ಅವನಿಲ್ಲದೆ ಅವಳಿಗೆ ಅಸ್ತಿತ್ವವಿಲ್ಲವೆಂಬ ಕಾರಣಕ್ಕೆ. ಇಲ್ಲಿ ಆ ‘ಕೋಂ’ ಇಂಥವಳು ಯಾರೆಂದು ಗುರುತಿಸಲು ಮಾತ್ರ, ವಾದಿ ಅವಳೇ.

ಆದರೆ ಅವಳು ಕೇಳಿದ್ದೇನು ಎಂಬುದನ್ನು ಇನ್ನೊಮ್ಮೆ ನೋಡಿ. ಜೋಳ, ಸೀರೆ, ಒಂದು ಅಂಕಣ. ಗಂಡನ ಪಾಲಿನ ಹೊಲವನ್ನು ಅವಳು ಕೇಳಲಿಲ್ಲ, ಏಕೆಂದರೆ ಅವಿಭಕ್ತ ಕುಟುಂಬದ ವಿಧವೆಗೆ 1937ರ ಕಾಯ್ದೆ ಬರುವವರೆಗೆ ವಾಟ್ನಿ, ಅಂದರೆ ಆಸ್ತಿಯ ಪಾಲು, ಕೇಳುವ ಹಕ್ಕಿರಲಿಲ್ಲ, ಅನ್ನ-ಬಟ್ಟೆಯ ಹಕ್ಕು ಮಾತ್ರ ಇತ್ತು. 1937ರ ನಂತರವೂ ಸಿಕ್ಕದ್ದು ಅವಳು ಜೀವಂತವಿರುವವರೆಗಿನ ಸೀಮಿತ ಹಕ್ಕು. ಪೂರ್ಣ ಒಡೆತನ ಬಂದದ್ದು 1956ರಲ್ಲಿ. ಕಾದಂಬರಿಯ ವಿಧವೆ ಅಡುಗೆಮನೆಯ ಮೂಲೆಯಲ್ಲಿ ಬದುಕು ಸವೆಸಿದರೆ ಅವಳು ಹೇಡಿಯೆಂದು ತಿಳಿಯಬಾರದು. ಗೆದ್ದರೂ ಅವಳಿಗೆ ಸಿಗುತ್ತಿದ್ದದ್ದು ಹೆಚ್ಚೂಕಡಿಮೆ ಅದೇ ಮೂಲೆ.

ಹಕ್ಕಿದ್ದಾಗಲೂ ಕಾಲೂರಲು ಒಂದು ನೆಲೆ ಬೇಕಿತ್ತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರದು; ವಿಧವೆಯರ ಪುನರ್ವಿವಾಹವನ್ನು ಕಾನೂನು 1856ರಲ್ಲೇ ಮಾನ್ಯಮಾಡಿತ್ತು. ಆದರೂ ಅದರ ನಾಯಕಿ, ವಿಧವೆ ಇಂದಿರೆಯನ್ನು ಉಳಿಸಿದ್ದು ಅಮೃತರಾಯನ ಮನೆಯ ಆಶ್ರಯ ಮತ್ತು ಅಲ್ಲಿ ದೊರೆತ ವಿದ್ಯೆ. ಕೋರ್ಟು ಯಾವಾಗಲೂ ಹೆಂಗಸಿನ ಪರವಾಗಿಯೇ ಇರುತ್ತಿತ್ತೆಂದೂ ಅಲ್ಲ. ಆಗ ಧಾರವಾಡ ಜಿಲ್ಲೆ ಯಾವ ಮುಂಬಯಿ ಹೈಕೋರ್ಟಿನ ವ್ಯಾಪ್ತಿಯಲ್ಲಿತ್ತೋ ಅದೇ ಕೋರ್ಟಿನಲ್ಲಿ, ಬಾಲ್ಯದಲ್ಲೇ ಮದುವೆಯಾಗಿದ್ದ ರುಖಮಾಬಾಯಿಯ ಮೇಲೆ, ತನ್ನೊಡನೆ ಬಂದು ಬಾಳಬೇಕೆಂದು ಗಂಡನೇ 1884ರಲ್ಲಿ ದಾವೆ ಹೂಡಿದ್ದನು; 1887ರಲ್ಲಿ ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳ ಸೆರೆವಾಸ ಅನುಭವಿಸು ಎಂಬ ಆದೇಶವಾಯಿತು. ಅವಳು ಸೆರೆಮನೆಗೆ ಸಿದ್ಧಳೆಂದಳು. ಮರುವರ್ಷ ಹಣ ಕೊಟ್ಟು ರಾಜಿಯಾಯಿತು.

ಗದಗಿನವರೇ ಕೇಳಿದ ಪ್ರಶ್ನೆಯಾದ್ದರಿಂದ ಇನ್ನೊಂದು ಮಾತು. ನಮ್ಮ ನಾಯಕಿಗೆ ಕಾನೂನಿನ ವಾದ ಮಾಡಲು ಬರುತ್ತಿರಲಿಲ್ಲವೆಂದು ಯಾರಾದರೂ ಅಂದರೆ ವೀರನಾರಾಯಣನ ಗುಡಿಯ ಕಂಬಗಳನ್ನು ತೋರಿಸಬೇಕು. ಅಲ್ಲಿ ಕುಳಿತು ಕೋಳಿವಾಡದ ಕುಮಾರವ್ಯಾಸ ಹಾಡಿದ ಭಾರತದ ದ್ರೌಪದಿ ಸಭೆಗೆ ಕೇಳುವುದು ಶುದ್ಧ ಕಾನೂನಿನ ಪ್ರಶ್ನೆ: ಮೊದಲು ತನ್ನನ್ನೇ ಸೋತವನಿಗೆ ಆಮೇಲೆ ನನ್ನನ್ನು ಪಣಕ್ಕಿಡುವ ಅಧಿಕಾರ ಎಲ್ಲಿಯದು? ಸಭೆಯ ಹಿರಿಯರು ಉತ್ತರ ಕೊಡಲಾರದೆ ತಲೆ ತಗ್ಗಿಸಿದರು.

ಇಂದು ಹೆಲೆನ್‌ಳಂಥ ಹೆಣ್ಣುಮಗಳೊಬ್ಬಳು ಹಾವೇರಿಯ ಗಂಡನ ಮನೆ ಬಿಟ್ಟು, ಮಗುವಿನೊಡನೆ ಗದಗಿನಲ್ಲಿ ಬಾಡಿಗೆ ಕೋಣೆಯೊಂದರಲ್ಲಿ ಇದ್ದಾಳೆಂದು ಭಾವಿಸಿ. ಅವಳು ಹಾವೇರಿಗೆ ಅಲೆಯಬೇಕಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಂತೆ ತಾನು ತಾತ್ಕಾಲಿಕವಾಗಿ ವಾಸಿಸುವ ಊರಿನಲ್ಲಿಯೇ, ಅಂದರೆ ಗದಗಿನ ಮ್ಯಾಜಿಸ್ಟ್ರೇಟರ ಮುಂದೆಯೇ, ಅರ್ಜಿ ಹಾಕಬಹುದು. ವಕೀಲರ ಫೀ ಕೊಡಲಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಬಹುದು; ಹೆಂಗಸರಿಗೆ ಅಲ್ಲಿ ಆದಾಯದ ಮಿತಿಯಿಲ್ಲ. ಮಗುವಿನ ತಾತ್ಕಾಲಿಕ ಸುಪರ್ದಿ, ಇಬ್ಬರಿಗೂ ಜೀವನಾಂಶ, ಗಂಡನ ಮನೆಯಲ್ಲಿ ಉಳಿದ ಅವಳ ಒಡವೆ-ಸಾಮಾನು ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ನಾಶಮಾಡಿದ ಸ್ವತ್ತಿನ ನಷ್ಟವನ್ನು ತುಂಬಿಕೊಡುವಂತೆ ಆದೇಶಿಸುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗೆ ಇರುವುದರಿಂದ, ಬೆಂಕಿಗೆ ಬಿದ್ದ ಕುಂಚ ಮತ್ತು ಬಣ್ಣಗಳ ಬೆಲೆಯನ್ನೂ ಅವಳು ಅದರಲ್ಲಿ ಬರೆಸಬಹುದು.